ಅಮಾವಾಸ್ಯೆಯ ದಿನ ಮಗ್ಗಗಳು ಸುಮ್ಮನಿದ್ದವು

ಈರಪ್ಪ ಕಾಕಾ,

ಬರೆಯುತ್ತಿರುವವಳು ಸುವ್ವಿ. ಕಾಗದ ಬರೆಯುವಾಗ ಮೊದಲು ಕ್ಷೇಮ ಕೇಳಬೇಕೆಂದು ನೀವೇ ಒಮ್ಮೆ ಹೇಳಿದ್ದಿರಿ. ಈಗ ನಿಮ್ಮನ್ನು ಏನೆಂದು ಕೇಳಲಿ? ಮೊಣಕಾಲು ನೋವು ಕಡಿಮೆಯಾಯಿತೇ ಎಂದೇ? ನೀವು ಹೋದದ್ದು ಈ ಸಲದ ಚಳಿಗಾಲದಲ್ಲಿ. ನನಗೆ ತಿಳಿದದ್ದು ಮೂರನೆಯ ದಿನ, ಮುಧೋಳದಲ್ಲಿ, ನಾನು ಪಾಠ ಮಾಡುವ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ. ಅವ್ವ ಫೋನು ಮಾಡಿ ಮನೆಯ ಸುದ್ದಿಯನ್ನೆಲ್ಲ ಹೇಳಿ ಮುಗಿಸಿ ಕೊನೆಗೆ, "ವಾಚನಾಲಯದ ಈರಪ್ಪ ತೀರಕೊಂಡ ನೋಡವಾ, ಪಾಪ," ಎಂದಳು. ಅದರ ಬೆನ್ನಿಗೇ, "ಹೆಸರುಬ್ಯಾಳಿ ಕಳಸ್ಲೇನು?" ಎಂದು ಕೇಳಿದಳು. ಅವಳದೇನು ತಪ್ಪು? ನೀವು ನನಗೆ ಏನಾಗಿದ್ದಿರಿ ಎಂದು ನಾನು ಹೇಳಿದ್ದರೆ ತಾನೇ ಅವಳಿಗೆ ಗೊತ್ತಾಗುವುದು. ಹನ್ನೆರಡು ವರ್ಷ ನಾನು ಯಾರಿಗೂ ಹೇಳಿರಲಿಲ್ಲ. ಹೇಳಬೇಕಾದರೆ ಆ ಅಮಾವಾಸ್ಯೆಯ ಮಾತನ್ನೂ ಹೇಳಬೇಕಾಗುತ್ತಿತ್ತು.

ನಾನು ಒಂಬತ್ತನೆಯ ತರಗತಿ ಮುಗಿಸಿದ ಆ ಬೇಸಿಗೆ ನೆನಪಿದೆಯೇ? ಬನಹಟ್ಟಿಯಲ್ಲಿ ನಮ್ಮ ಓಣಿಯ ವಾಚನಾಲಯಕ್ಕೆ ಯಾರೋ ದಾನಿಗಳು ನಾಲ್ಕು ಹಳೆಯ ಕಂಪ್ಯೂಟರ್ ಕೊಟ್ಟಿದ್ದರು. ಹೈಸ್ಕೂಲು ಮಕ್ಕಳಿಗೆ ಇಪ್ಪತ್ತು ದಿನದ ಕಂಪ್ಯೂಟರ್ ಶಿಬಿರ ಎಂದು ಬಾಗಿಲಿಗೆ ಚೀಟಿ ಬರೆದು ಅಂಟಿಸಿದವರು ನೀವು. ಬಾಗಲಕೋಟೆ ಬೇರೆ ಜಿಲ್ಲೆಯಾಗಿ ಎಷ್ಟೋ ವರ್ಷವಾಗಿತ್ತು, ಆದರೂ ಚೀಟಿಯ ಕೆಳಗೆ ಊರಿನ ಹೆಸರಿನ ಮುಂದೆ 'ಜಿಲ್ಲಾ ವಿಜಾಪುರ' ಎಂದೇ ಬರೆದಿದ್ದಿರಿ. ಯಾರೋ ತೋರಿಸಿದ ಮೇಲೆ ನಾಲಿಗೆ ಕಚ್ಚಿಕೊಂಡು ಅದನ್ನು ಹೊಡೆದುಹಾಕಿದಿರಿ. ವಾಚನಾಲಯದ ಬಾಗಿಲು ತೆಗೆಯುವುದು, ಕಸ ಗುಡಿಸುವುದು, ಪೇಪರು ಜೋಡಿಸಿಡುವುದು ನಿಮ್ಮ ಕೆಲಸ. ಅದಕ್ಕೂ ಮೊದಲು ನೀವು ಬೇರೆಯವರ ಮಗ್ಗದಲ್ಲಿ ಕೂಲಿಗೆ ನೇಯುತ್ತಿದ್ದವರು. ಮೊಣಕಾಲು ಕೈಕೊಟ್ಟ ಮೇಲೆ ಕಮಿಟಿಯವರು ನಿಮ್ಮನ್ನು ಇಲ್ಲಿ ಇಟ್ಟುಕೊಂಡಿದ್ದರು.

ಶಿಬಿರದ ಮೊದಲ ದಿನ ನೀವು ನಮಗೆಲ್ಲ ಕಾಲು ತೊಳೆಸಿ ಒಳಗೆ ಕಳಿಸಿದಿರಿ. ಹನ್ನೆರಡು ಮಕ್ಕಳು, ಒಂದು ಕಂಪ್ಯೂಟರಿಗೆ ಮೂವರು. ಕಲಿಸಲು ಜಮಖಂಡಿಯಿಂದ ದಿನಾ ಬಸ್ಸಿನಲ್ಲಿ ಬರುವ ಒಬ್ಬ ಎಳೆಯ ಸರ್. ಧೂಳಾಗುತ್ತದೆ, ಶಿಬಿರದವರನ್ನು ಬಿಟ್ಟು ಬೇರೆ ಯಾರೂ ಒಳಗೆ ಬರಕೂಡದು ಎಂದು ಅವರು ಅಪ್ಪಣೆ ಮಾಡಿದರು. ಆ ಕೋಣೆಯನ್ನು ಬೆಳಿಗ್ಗೆ ಎರಡೆರಡು ಸಲ ಒರೆಸಿದವರು ನೀವು. ಹೊರಗೆ ಹೋಗಿ, ಕಿಟಕಿಯ ಕೆಳಗಿನ ಮೆಟ್ಟಿಲ ಮೇಲೆ ಕೂತಿರಿ. ಆ ಇಪ್ಪತ್ತು ದಿನವೂ ಅದೇ ನಿಮ್ಮ ಜಾಗ. ಇಪ್ಪತ್ತಲ್ಲ, ಹತ್ತೊಂಬತ್ತು.

ಪಾಠದ ನಡುವೆ ಮೊದಲ ಸಲ ಕರೆಂಟು ಹೋದದ್ದು ಎರಡನೆಯ ದಿನ. ಅರ್ಧ ತಾಸು ಒದ್ದಾಡಿ ನನ್ನ ಹೆಸರು, ಅಪ್ಪನ ಹೆಸರು, ಓಣಿಯ ಹೆಸರು ಟೈಪು ಮಾಡಿದ್ದೆ. ಪರದೆ ಕಪ್ಪಾಯಿತು. ನಾನು ಕೈಕಟ್ಟಿ ಆರಾಮಾಗಿ ಕೂತೆ. "ಸೇವ್ ಮಾಡಿದ್ರೇನು?" ಎಂದು ಸರ್ ಕೇಳಿದಾಗ, "ಯಾಕ್ರೀ ಸರ್? ಕರೆಂಟ್ ಬಂದ್ಮ್ಯಾಲೆ ಅಲ್ಲಿಂದನ ಶುರು ಮಾಡೂದಲ್ಲ?" ಎಂದೆ. ನಾನೊಬ್ಬಳೇ ಅಲ್ಲ, ಹನ್ನೆರಡೂ ಮಂದಿ ಹಾಗೇ ತಿಳಿದಿದ್ದೆವು. ನೇಕಾರರ ಮಕ್ಕಳು ಬೇರೆ ಹೇಗೆ ತಿಳಿದಾರು? ಕರೆಂಟು ಹೋದರೆ ಮಗ್ಗ ನಿಲ್ಲುತ್ತದೆ, ನೇಯ್ದ ಬಟ್ಟೆ ಎಲ್ಲಿಗೆ ಹೋಗುತ್ತದೆ? ಬಂದ ಮೇಲೆ ಮುಂದಿನ ಎಳೆಯಿಂದ ಶುರು. ಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನೀವು ನಗಲಿಲ್ಲ. ಕಿಟಕಿಯ ಸರಳಿನ ಆಚೆಯಿಂದ ನಿಮ್ಮ ಮುಖ ಕಾಣಿಸಿತು. "ಅಂದ್ರ, ನೇದದ್ದೆಲ್ಲಾ ಹೋತೇನ್ರೀ ಸರ?" ಎಂದು ಕೇಳಿದಿರಿ. "ಹೋತು ಕಾಕಾ." "ಒಂದ ಎಳಿನೂ ಉಳೀಲಿಲ್ಲ?" ಸರ್ ಇಲ್ಲವೆಂದು ತಲೆಯಾಡಿಸಿದರು. ಆ ದಿನವಿಡೀ ನೀವು ಸಪ್ಪಗಿದ್ದಿರಿ.

ಮರುದಿನ ಪಾಠ ನಡೆದಿದ್ದಾಗ ಹೊರಗಿನಿಂದ ಇದ್ದಕ್ಕಿದ್ದಂತೆ ನಿಮ್ಮ ಕೂಗು. "ಹೊಂಟತು! ಬಂದ್ ಮಾಡ್ರಿ!" ಏನು ಹೊರಟಿತು ಎಂದು ನಮಗೆ ತಿಳಿಯಲಿಲ್ಲ. ಕರೆಂಟು ಇದ್ದೇ ಇತ್ತು, ಫ್ಯಾನು ತಿರುಗುತ್ತಿತ್ತು. ನಾಲ್ಕೈದು ನಿಮಿಷಕ್ಕೆ ಫ್ಯಾನು ನಿಂತಿತು. ಆಗಿನ ದಿನಗಳಲ್ಲಿ ಹನ್ನೊಂದರಿಂದ ಹನ್ನೆರಡರ ಒಳಗೆ ಯಾವಾಗಲಾದರೂ ಒಮ್ಮೆ ಕರೆಂಟು ತೆಗೆಯುತ್ತಿದ್ದರು. ಮೊದಲು ರಬಕವಿ ಕಡೆಯ ಓಣಿಗಳದು ಹೋಗುತ್ತಿತ್ತು, ಸ್ವಲ್ಪ ಹೊತ್ತು ಬಿಟ್ಟು ನಮ್ಮದು. ಇದು ಊರಿಗೆಲ್ಲ ಗೊತ್ತಿತ್ತು. ಆದರೆ ಆ ಕಡೆಯ ಮಗ್ಗಗಳು ನಿಂತದ್ದನ್ನು ಮೆಟ್ಟಿಲ ಮೇಲೆ ಕೂತು ಕೇಳಬಹುದು ಎಂದು ನಿಮಗಲ್ಲದೆ ಯಾರಿಗೆ ಹೊಳೆಯಿತು? ನಮ್ಮ ಪಕ್ಕದ ಮನೆಗಳ ಮಗ್ಗಗಳೇ ಖಟಕ್ ಖಟಕ್ ಎಂದು ಕಿವಿ ತೂತು ಮಾಡುತ್ತಿದ್ದವು. ಅದರಾಚೆಗಿನದು ಹೇಗೆ ಕೇಳುತ್ತದೆ ಕಾಕಾ ಎಂದು ಒಮ್ಮೆ ಕೇಳಿದ್ದೆ. "ಗದ್ದಲ ಕೇಳಬಾರದು ಯವ್ವಾ," ಎಂದಿರಿ. "ಗದ್ದಲದಾಗ ಏನ್ ಕಡಿಮಿ ಆತು ಅನ್ನೂದ ಕೇಳಬೇಕು."

ಆಮೇಲೆ ಅದೇ ನಮ್ಮ ಶಿಬಿರದ ಕ್ರಮವಾಯಿತು. ನಿಮ್ಮ ಕೂಗು ಬಿದ್ದರೆ ಹನ್ನೆರಡು ಜನ ಕೈಯಲ್ಲಿದ್ದ ಕೆಲಸ ಸೇವ್ ಮಾಡಿ, ಕಂಪ್ಯೂಟರ್ ಬಂದ್ ಮಾಡಿ, ಕಪ್ಪು ಪರದೆಯ ಮುಂದೆ ಕೈಕಟ್ಟಿ ಕೂರುತ್ತಿದ್ದೆವು. ಒಂದು ದಿನವೂ ನಿಮ್ಮ ಲೆಕ್ಕ ತಪ್ಪಲಿಲ್ಲ. ಯಂತ್ರಗಳ ಜೊತೆ ಬಂದ ಬ್ಯಾಟರಿ ಮೊದಲ ದಿನವೇ ಸತ್ತುಹೋಗಿತ್ತು, ಹೊಸದನ್ನು ತರಿಸಬೇಕೆಂದು ಸರ್ ಹೇಳುತ್ತಲೇ ಇದ್ದವರು ಬರುಬರುತ್ತಾ ಆ ಮಾತನ್ನೇ ಬಿಟ್ಟರು. ಈರಪ್ಪ ಕಾಕಾ ಇದ್ದಾರಲ್ಲ!

ಎರಡನೆಯ ವಾರ ಸರ್ ನಮಗೆ ಚಿತ್ರ ಬಿಡಿಸುವುದನ್ನು ಕಲಿಸಿದರು. ಪರದೆಯನ್ನು ದೊಡ್ಡದು ಮಾಡಿದರೆ ಸಣ್ಣ ಸಣ್ಣ ಚೌಕಗಳು ಕಾಣುತ್ತಿದ್ದವು. ನಾವು ನೋಡಿದ್ದೇ ತಡ, "ಸರ್, ಇದು ದಡಿ ಹಾಕೂ ಹಾಳಿ ಅಲ್ರೀ?" ಎಂದು ಕೂಗಿಬಿಟ್ಟೆವು. ಸೀರೆಯ ದಡಿಯ, ಅಂದರೆ ಅಂಚಿನ, ನಕಾಶೆಯನ್ನು ನಮ್ಮ ಮನೆಗಳಲ್ಲಿ ಚೌಕದ ಹಾಳೆಯ ಮೇಲೆ ಬರೆಯುವುದು ಹೀಗೇ ಅಲ್ಲವೇ? ಸರ್‌ಗೂ ಹುರುಪು ಬಂತು. ಒಬ್ಬೊಬ್ಬರು ಒಂದೊಂದು ದಡಿ ಬಿಡಿಸಿ, ಕೊನೆಯ ದಿನ ಮನೆಯವರನ್ನು ಕರೆಸಿ ತೋರಿಸಬೇಕು ಎಂದು ನಿಶ್ಚಯವಾಯಿತು. ನನಗೆ ಯಾವ ದಡಿ? ನಿಮ್ಮದು. ಹರೆಯದಲ್ಲಿ ನೀವೇ ಕೂಡಿಸಿದ, ಯಾವ ಅಂಗಡಿಯೂ ಬೇಡವೆಂದ ದಡಿ. ಒಳಗೆ ಬರುವ ಹಾಗಿಲ್ಲ, ಕಿಟಕಿಯ ಹೊರಗೆ ನಿಂತು, ಕಣ್ಣು ಮುಚ್ಚಿ ಹೇಳುತ್ತಿದ್ದಿರಿ. "ಎಲ್ಡ ಕೆಂಪು. ಒಂದ ಬಿಡು. ಮೂರ ಕೆಂಪು. ಈಗ ಒಂದ ಹಳದಿ ಬಾಯಾಗಿಡು." ಬಾಯಲ್ಲಿಡುವುದೆಂದರೆ ಕೆಂಪು ಗೆರೆ ಕವಲೊಡೆದ ಕಡೆ ನಡುವೆ ಇಡುವುದು ಎಂದು ತಿಳಿಯಲು ನನಗೆ ಎರಡು ದಿನ ಬೇಕಾಯಿತು. ಮುಗಿದಾಗ ಸರಳಿಗೆ ಹಣೆ ಹಚ್ಚಿ ಎಷ್ಟು ಹೊತ್ತು ನೋಡಿದಿರಿ! ನೇಯದೇ ಹೋದದ್ದನ್ನು ಮೊದಲ ಸಲ ನೋಡುವವರ ಮುಖ ಅದು. ಹಾಗೆಂದು ಆಗ ನನಗೇನು ಗೊತ್ತು.

ನಮ್ಮ ಅಪ್ಪ ಮನೆಯಲ್ಲಿ ಹಾಕಿದ್ದ ಕರಾರನ್ನು ಮೊದಲು ಹೇಳಿದ್ದು ನಿಮಗೇ. ಹತ್ತನೆಯ ತರಗತಿ ಓದುವುದು ಬೇಡ, ರಾಟಿಯ ಮೇಲೆ ನೂಲಿನ ಕಂಡಿಕೆ ಸುತ್ತಲು ಮನೆಯಲ್ಲಿ ಕೈ ಸಾಲುತ್ತಿಲ್ಲ ಎಂದು ಅಪ್ಪ ಹಟ ಹಿಡಿದಿದ್ದ. ನಾನು ಅತ್ತೂ ಕರೆದೂ ಶಿಬಿರಕ್ಕೆ ಬಂದಿದ್ದೆ. "ಆ ಡಬ್ಬ್ಯಾಗ ಏನ್ ಕಲಿತಿ ಕಡೀ ದಿನ ಬಂದ ನೋಡ್ತೀನಿ, ಸೊಗಸನಿಸಿದ್ರ ಸಾಲಿ, ಇಲ್ಲಂದ್ರ ರಾಟಿ," ಎಂದಿದ್ದ. ನಿಮ್ಮ ಮಗಳಿಗೂ ಹೀಗೇ ಆಗಿತ್ತೆಂದು, ಅವಳು ಏಳನೆಯದಕ್ಕೇ ಬಿಟ್ಟಳೆಂದು ಆಮೇಲೆ ಯಾರೋ ಹೇಳಿದರು. "ಸೊಗಸ ಕಾಣಸ್ತೈತಿ ತಗೋ, ನಂದ ದಡಿ ಐತಿ, ನಿಂದ ಕೈ ಐತಿ," ಎಂದಷ್ಟೇ ಅಂದಿರಿ.

ಈಗ ಆ ಬೆಳಿಗ್ಗೆಗೆ ಬರಬೇಕು. ಹತ್ತೊಂಬತ್ತನೆಯ ದಿನ. ಮರುದಿನವೇ ಮನೆಯವರೆಲ್ಲ ಬರುವುದಿತ್ತು. ಎಲ್ಲರ ದಡಿಗಳನ್ನೂ ಇದ್ದುದರಲ್ಲಿ ದೊಡ್ಡ ಕಂಪ್ಯೂಟರಿಗೆ ಸೇರಿಸಿ, ಒಂದರ ಹಿಂದೆ ಒಂದು ಬರುವ ಹಾಗೆ ಸರ್ ಜೋಡಿಸುತ್ತಿದ್ದರು. ಶಿಬಿರಕ್ಕೆ ನಾನೇ ಲೀಡರು, ಮೂಗು ಮೇಲಿತ್ತು. ಬಾಗಿಲಲ್ಲಿ ನೀವು ನನ್ನನ್ನು ತಡೆದಿರಿ. "ಸುವ್ವಿ, ಇವತ್ತ ಅಮಾಸಿ. ಮಗ್ಗ ಹಚ್ಚಂಗಿಲ್ಲ, ನಂಗೇನೂ ಕೇಳಂಗಿಲ್ಲ. ಹನ್ನೊಂದ ಹೊಡಿಯೂದ್ರಾಗ ಎಲ್ಲಾ ಬಂದ್ ಮಾಡ್ಸು. ಕರೆಂಟ್ ಹೋಗಿ ಬಂದ್ಮ್ಯಾಲೆ ಮುಂದಿಂದು. ಸರಗೂ ಹೇಳು, ಎಲ್ಲಾರ್ಗೂ ಹೇಳು. ಮರೀಬ್ಯಾಡ." "ಹೂನ್ರೀ ಕಾಕಾ," ಎಂದೆ. ಒಳಗೆ ನನ್ನ ಕುರ್ಚಿಯಲ್ಲಿ ಆಗಲೇ ಇನ್ನೊಬ್ಬಳು ಕೂತಿದ್ದಳು. ಅವಳನ್ನು ಎಬ್ಬಿಸುವ ಜಗಳದಲ್ಲಿ ನಿಮ್ಮ ಮಾತು…

ಮರೆತೆ, ಕಾಕಾ. ಅಷ್ಟೇ. ದೊಡ್ಡ ಕಾರಣವೇನೂ ಇಲ್ಲ.

ಆ ದಿನ ಓಣಿ ಎಷ್ಟು ಶಾಂತವಾಗಿತ್ತು ಎಂಬುದು ಮಾತ್ರ ಚೆನ್ನಾಗಿ ನೆನಪಿದೆ. ಅಪ್ಪ ಬೆಳಿಗ್ಗೆಯೇ ಮಗ್ಗಕ್ಕೆ ಪೂಜೆ ಮಾಡಿ, ಕಾಯಿ ಒಡೆದು, ಜಗುಲಿಯ ಮೇಲೆ ಕಾಲು ಚಾಚಿ ಕೂತದ್ದನ್ನು ನೋಡಿಯೇ ಬಂದಿದ್ದೆ. ಮಗ್ಗಗಳಿಗೆ ರಜೆ. ಸರ್ ಜಮಖಂಡಿಯವರು, ಅವರಿಗೆ ಅದು ಗೊತ್ತಿಲ್ಲದಿರಬಹುದು. ನನಗೆ? ಗುಬ್ಬಿಗಳ ಚಿಲಿಪಿಲಿ ಕೂಡ ಕೇಳಿಸುತ್ತಿತ್ತು. ಆಹಾ, ಕೆಲಸ ಮಾಡಲು ಎಷ್ಟು ಹಿತವಾಗಿದೆ ಎಂದು ಪಕ್ಕದವಳಿಗೆ ಹೇಳಿದೆ ಕೂಡ. ಕಿಟಕಿಯ ಹೊರಗೆ ನೀವು ಮರುದಿನದ ತೋರಣಕ್ಕೆ ಬಣ್ಣದ ಕಾಗದ ಕತ್ತರಿಸುತ್ತಿದ್ದಿರಿ, ಕತ್ತರಿಯ ಕಿಚಕಿಚ ಕೇಳುತ್ತಿತ್ತು. ನಾವು ಹನ್ನೊಂದಕ್ಕೇ ಬಂದ್ ಮಾಡಿ ಕೈಕಟ್ಟಿ ಕೂತಿದ್ದೇವೆ ಎಂದು ನೀವು ನಂಬಿದ್ದಿರಿ. ನೀವು ಇದ್ದೀರಿ, ಕೂಗುತ್ತೀರಿ ಎಂದು ನಾವು ನಂಬಿದ್ದೆವು.

ಕರೆಂಟು ಹೋಯಿತು. ಬಂತು. ಮತ್ತೆ ಹೋಯಿತು. ಸರಿಯಾಗಿ ಬಂದಾಗ ಮೂರು ಕಂಪ್ಯೂಟರ್ ಎದ್ದವು, ದೊಡ್ಡದು ಏಳಲಿಲ್ಲ. ಸರ್ ಏನು ಮಾಡಿದರೂ ಏಳಲಿಲ್ಲ. ಹನ್ನೆರಡು ದಡಿಗಳೂ ಅದರಲ್ಲಿದ್ದವು. ಅದೇ ಹೊತ್ತಿಗೆ ಮರುದಿನದ ತಯಾರಿ ನೋಡಲು ಕಮಿಟಿಯ ಅಧ್ಯಕ್ಷರು ಬಂದರು. ದಾನಿಗಳಿಗೆ ಏನು ಹೇಳುವುದೆಂದು ಅವರ ಮುಖ ಕೆಂಪಾಯಿತು. ಸರ್ ಕಿಟಕಿಯ ಕಡೆ ತಿರುಗಿ, "ಯಾಕ ಹೇಳಲಿಲ್ಲ ಕಾಕಾ?" ಎಂದು ಕೇಳಿದರು. ಆಗ ನನಗೆ ಬೆಳಗಿನ ಮಾತು ನೆನಪಾಯಿತು. ನಾಳೆ ಅಪ್ಪ ಬರುತ್ತಾನೆ, ತೋರಿಸಲು ಏನೂ ಇಲ್ಲ, ಮೇಲಾಗಿ ಯಂತ್ರ ಕೆಡಿಸಿದವಳು ಇವಳೇ ಎಂದು ಅವನ ಮುಂದೆ… ನೀವು ಬಾಯಿ ತೆರೆಯುವುದರೊಳಗೆ ನಾನೇ ತೆರೆದೆ.

"ಕಾಕಾ ಮಕ್ಕೊಂಡಿದ್ರುರೀ ಸರ್."

ನೀವು ನನ್ನನ್ನು ನೋಡಿದಿರಿ. ಸಿಟ್ಟಿರಲಿಲ್ಲ, ಅದೇ ಇಂದಿಗೂ ನನ್ನನ್ನು ತಿನ್ನುವುದು. ಕೈಯಲ್ಲಿ ಕತ್ತರಿ ಇತ್ತು, ತೊಡೆಯ ಮೇಲೆ ರಾಶಿ ಬಣ್ಣದ ಕಾಗದ ಇತ್ತು. ಮಲಗಿದ್ದವನ ಮಡಿಲಲ್ಲಿ ಅಷ್ಟು ಕಾಗದ ಕತ್ತರಿಸಿದ್ದು ಯಾರು ಎಂದು ಒಬ್ಬರೂ ಕೇಳಲಿಲ್ಲ. ಇಂದು ಅಮಾವಾಸ್ಯೆ, ಕೇಳಿಸಲು ಮಗ್ಗಗಳೇ ಇರಲಿಲ್ಲ ಎಂದು ಹನ್ನೆರಡು ನೇಕಾರ ಮಕ್ಕಳಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯುವಷ್ಟು ಹೊತ್ತು ನೀವು ಕೊಟ್ಟರೆ ತಾನೇ? "ಹೌದ್ರೀ," ಎಂದುಬಿಟ್ಟಿರಿ ಅಧ್ಯಕ್ಷರಿಗೆ. "ಕಣ್ಣ ಹತ್ತಿತ್ತು. ತಪ್ಪಾತ್ರೀ." ಕಾಗದದ ಚೂರುಗಳನ್ನೆಲ್ಲ ಬಳಿದು, ತೋರಣವನ್ನು ಮಡಚಿ ಕಿಟಕಿಯಲ್ಲಿಟ್ಟು, ಚಪ್ಪಲಿ ಮೆಟ್ಟಿ ಹೋದಿರಿ. ನಾಳೆಯಿಂದ ಬರುವುದು ಬೇಡ ಎಂದು ಅವರು ಹೇಳಿದ್ದು ಅದಕ್ಕೂ ಮುಂಚೆಯೋ ಆಮೇಲೋ, ನನಗೆ ಸರಿಯಾಗಿ ನೆನಪಿಲ್ಲ. ನೆನಪಿಟ್ಟುಕೊಳ್ಳಲು ನಾನು ಬಯಸಲಿಲ್ಲ ಅನಿಸುತ್ತದೆ.

ಮರುದಿನ ಅಪ್ಪ ಬಂದ. ಹಿಂದಿನ ಸಂಜೆ, ಎದ್ದ ಮೂರು ಕಂಪ್ಯೂಟರುಗಳಲ್ಲಿ ಒಂದರ ಮುಂದೆ ಕೂತು ನಿಮ್ಮ ದಡಿಯನ್ನು ನಾನು ಮತ್ತೆ ಬಿಡಿಸಿದ್ದೆ. ನೋಡುವ ಅಗತ್ಯವೇ ಇರಲಿಲ್ಲ, ನಿಮ್ಮ ದನಿ ಕಿವಿಯಲ್ಲಿತ್ತು. ಎರಡು ಕೆಂಪು, ಒಂದು ಬಿಡು. ಅಪ್ಪ ಪರದೆಗೆ ಮೂಗು ತಾಗುವಷ್ಟು ಬಗ್ಗಿ, ಬೆರಳಿನಿಂದ ಚೌಕ ಎಣಿಸಿದ. "ಖರೇನ ನೇಯಾಕ ಬರೂವಂಗ ಐತಲ್ಲೇ ಇದು! ಯಾರ ಹೇಳಿಕೊಟ್ರು?" ಎಂದು ಕೇಳಿದ. ನಿಮ್ಮ ತೋರಣ ನೆತ್ತಿಯ ಮೇಲೆ ಫರಫರ ಅನ್ನುತ್ತಿತ್ತು. "ಸರ್ ಹೇಳಿಕೊಟ್ರಪಾ," ಎಂದೆ. ಒಂದು ಸಲ ಸುಳ್ಳಾಡಿದ ಮೇಲೆ ಎರಡನೆಯದು ಎಷ್ಟು ಸಲೀಸಾಗಿ ಬಂತು! ಅಪ್ಪ ನನ್ನನ್ನು ಹತ್ತನೆಯದಕ್ಕೆ ಕಳಿಸಿದ. ಆಮೇಲೆ ಕಾಲೇಜಿಗೂ ಕಳಿಸಿದ.

ನೀವು ಆ ಮೊಣಕಾಲು ಇಟ್ಟುಕೊಂಡೇ ಮತ್ತೆ ಮಗ್ಗದ ಮುಂದೆ ನಿಂತಿರಿ ಎಂದು ಕೇಳಿದೆ. ನಿಮ್ಮ ಮನೆ ತಪ್ಪಿಸಲು ಎರಡು ಓಣಿ ಸುತ್ತು ಹಾಕಿ ಶಾಲೆಗೆ ಹೋಗುತ್ತಿದ್ದೆ. ಒಮ್ಮೆ ಮಾತ್ರ ಸಿಕ್ಕಿದಿರಿ, ಜಮಖಂಡಿ ಕಾಲೇಜಿಗೆ ಹೋಗುವ ದಿನಗಳಲ್ಲಿ, ಬಸ್ ಸ್ಟ್ಯಾಂಡಿನಲ್ಲಿ. ತೇರದಾಳದ ಜನವೆಲ್ಲ ಆ ಬಸ್ಸಿನಲ್ಲೇ ತುಂಬಿಕೊಂಡು ಬಂದ ಹಾಗಿತ್ತು. ನೀವು ಕುಂಟುತ್ತ ಬಂದು, ಕಿಟಕಿಯಿಂದ ನಿಮ್ಮ ಟವೆಲ್ಲು ಒಳಗೆ ಎಸೆದು ಒಂದು ಸೀಟು ಹಿಡಿದಿರಿ. ನಿಮಗೆ ಎಂದುಕೊಂಡೆ. "ಹತ್ತವಾ ಸುವ್ವಿ, ಓದೂ ಹುಡುಗಿ, ನಿಂತ ಹೋಗಬ್ಯಾಡ," ಎಂದಿರಿ. ಕೂತೆ. ಕಿಟಕಿಯಿಂದ ಟವೆಲ್ಲು ವಾಪಸು ಕೊಡುತ್ತ, "ಕಾಕಾ, ಅವತ್ತ ನಾ…" ಎಂದೆ. ಬಸ್ಸು ಹೊರಟಿತು. ಡ್ರೈವರನ ಮೇಲೆ ಹಾಕುವುದು ಸುಲಭ. ಅದಕ್ಕೂ ಮುಂಚೆ ಬಸ್ಸು ಎಷ್ಟು ಹೊತ್ತು ನಿಂತಿತ್ತು ಎಂದು ನಿಮಗೂ ಗೊತ್ತು, ನನಗೂ ಗೊತ್ತು.

ಮೂರು ವರ್ಷದ ಹಿಂದೆ ಕಮಿಟಿಯವರು ಬೇಸಿಗೆ ಶಿಬಿರ ನಡೆಸಿಕೊಡಲು ನನ್ನನ್ನೇ ಕರೆದರು. ಮುಧೋಳದಿಂದ ದಿನಾ ಬರುತ್ತೇನೆ. ಈಗಿನ ಯಂತ್ರಗಳನ್ನು ನೀವು ನೋಡಬೇಕಿತ್ತು, ಕರೆಂಟು ಹೋದರೂ ಗೊತ್ತಾಗುವುದಿಲ್ಲ, ಬ್ಯಾಟರಿ ತಾಸುಗಟ್ಟಲೆ ಬಾಳುತ್ತದೆ. ಮಾಡಿದ ಕೆಲಸ ತಾನೇ ಉಳಿದುಕೊಳ್ಳುತ್ತದೆ. ಸೇವ್ ಮಾಡಿ ಎಂದರೆ ಮಕ್ಕಳು, "ಅದರಷ್ಟಕ್ಕ ಅದ ಆಗ್ತೈತ್ರೀ ಮಿಸ್," ಎನ್ನುತ್ತಾರೆ, ನಾವು ಅಂದು ಅಂದುಕೊಂಡದ್ದೇ ಖರೆಯಾಗಿಬಿಟ್ಟಿದೆ! ನಾನು ಒಂದೇ ಒಂದು ನೇಮ ಇಟ್ಟುಕೊಂಡಿದ್ದೆ. ಅಮಾವಾಸ್ಯೆಯ ದಿನ ಶಿಬಿರಕ್ಕೆ ರಜೆ. ಯಾಕೆಂದು ಕೇಳಿದರೆ, ಮಗ್ಗಕ್ಕೆ ರಜೆ ಇದ್ದ ದಿನ ನಮಗೂ ರಜೆ ಎನ್ನುತ್ತಿದ್ದೆ. ಮೂರು ಬೇಸಿಗೆ ನಿಮ್ಮ ಮನೆಯಿಂದ ಕೂಗಳತೆಯಲ್ಲಿ ಪಾಠ ಮಾಡಿದೆ. ನೀವಿದ್ದಿರಿ. ಹೋಗಿ ಹೇಳಬಹುದಿತ್ತು. ಈ ಶಿಬಿರ ಮುಗಿಯಲಿ, ಮುಂದಿನ ಶಿಬಿರ ಮುಗಿಯಲಿ…

ಈ ಸಲ ಶಿಬಿರ ಶುರುವಾಗುವ ಹಿಂದಿನ ದಿನ ಕೊನೆಗೂ ನಿಮ್ಮ ಮನೆಗೆ ಹೋದೆ. ನೀಲವ್ವ ಕಾಕಿ ನಿಮ್ಮ ಫೋಟೋದ ಕೆಳಗೆ ಕೂತು ಕಂಡಿಕೆ ಸುತ್ತುತ್ತಿದ್ದಳು. ಚಹಾ ಮಾಡಲು ಎದ್ದವಳನ್ನು ಕೂರಿಸಿ, ಅಮಾವಾಸ್ಯೆಯ ಬೆಳಗಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ನಿಮ್ಮ ಮನೆಯಲ್ಲಾದರೂ ಇದು ಗೊತ್ತಿರುತ್ತದೆ, ಕಾಕಿಗೆ ನೀವು ಹೇಳಿಯೇ ಇರುತ್ತೀರಿ ಎಂದುಕೊಂಡಿದ್ದೆ. ಆಕೆಯ ಕೈಯಲ್ಲಿ ರಾಟಿ ನಿಂತಿತು.

"ಅಂದ್ರ, ಅವರು ಮಕ್ಕೊಂಡಿದ್ದಿಲ್ಲ?"

"ಇಲ್ಲ ಕಾಕಿ."

"ನಾ ಇಷ್ಟ ವರ್ಷ ನಿದ್ದಿಗೇಡಿ ಅಂದ್ನೆಲ್ಲೇ ಯವ್ವಾ," ಎಂದಳು. ಆಕೆಯ ದನಿ ಏರಲಿಲ್ಲ. "ಉಂಡು ಚೂರ ಅಡ್ಡಾಗಾಕ ಹ್ವಾದ್ರ, ಹಾಂ, ಮಕ್ಕೋರಿ, ಇದ್ದ ಕೆಲಸ ಕಳಕೊಂಡೀರಿ, ಇನ್ನೇನ ಕಳಕೋತೀರಿ ಅಂತಿದ್ನಿ. ಅಂದೂ ಅಂದೂ, ಹಗಲ ಹೊತ್ತಿನ್ಯಾಗ ಮಕ್ಕೊಳ್ಳೂದನ ಬಿಟ್ರು. ಜ್ವರಾ ಬಂದ್ರೂ ಗ್ವಾಡಿಗೆ ಆನಕೊಂಡ ಕುಂತಿರತಿದ್ರು. ಕಡೀ ದಿನಾನೂ ಕುಂತ ಇದ್ರು." ಆಮೇಲೆ ತಿರುಗಿ ನಿಮ್ಮ ಫೋಟೋವನ್ನು ನೋಡಿದಳು. "ನನಗರ ಹೇಳಬಾರದೇನ್ರೀ?"

ಯಾಕೆ ಹೇಳಲಿಲ್ಲ ಕಾಕಾ? ಹೇಳಿದ್ದರೆ ಕಾಕಿ ಅಂದೇ ನಮ್ಮ ಮನೆಯ ಅಂಗಳದಲ್ಲಿ ನಿಲ್ಲುತ್ತಿದ್ದಳು, ಅಪ್ಪ ಅಂದೇ ನನ್ನನ್ನು ರಾಟಿಯ ಮುಂದೆ ಕೂರಿಸುತ್ತಿದ್ದ, ಅಷ್ಟೇ ಅಲ್ಲವೇ? ಅದಕ್ಕಾಗಿ ಹೆಂಡತಿಯ ಬಾಯಲ್ಲಿ ನಿದ್ದೆಗೇಡಿ ಎನ್ನಿಸಿಕೊಂಡಿರಿ, ಹಗಲ ನಿದ್ದೆ ಬಿಟ್ಟಿರಿ. ನಾನು ನಿಮ್ಮ ಕೆಲಸ ಕಳೆದೆ ಎಂದುಕೊಂಡು ಇಷ್ಟು ವರ್ಷ ಕೊರಗಿದ್ದೆ. ಮನೆಯೊಳಗಿನ ನೆಮ್ಮದಿಯನ್ನೂ ಕಳೆದಿದ್ದೆ, ಅದು ಗೊತ್ತೇ ಇರಲಿಲ್ಲ. ನಾನು ಅತ್ತೆ. ಕಾಕಿ ಅಳಲಿಲ್ಲ, ನನ್ನನ್ನು ಸಮಾಧಾನಪಡಿಸಲೂ ಇಲ್ಲ. "ನನ್ನ ಮುಂದ ಅತ್ರೇನಾತು?" ಎಂದಳು. "ಎಲ್ಲಿ ಅಂದಿದ್ದಿ ಅಲ್ಲೇ ಹೇಳು. ಆ ಮಂದಿ ಮುಂದ ಹೇಳು. ನಾ ಬರ್ತೀನಿ."

ನಿನ್ನೆ ಶಿಬಿರದ ಕೊನೆಯ ದಿನವಿತ್ತು. ಮಕ್ಕಳ ಮನೆಯವರೆಲ್ಲ ಬಂದಿದ್ದರು, ಅಪ್ಪ ಬಂದಿದ್ದ, ಅಂದಿನ ಅಧ್ಯಕ್ಷರು ಈಗ ಕೋಲು ಹಿಡಿದು ಬರುತ್ತಾರೆ, ಅವರೂ ಇದ್ದರು. ಕಾಕಿ ಮೊದಲ ಸಲ ವಾಚನಾಲಯದ ಒಳಗೆ ಬಂದು ಮುಂದಿನ ಕುರ್ಚಿಯಲ್ಲೇ ಕೂತಳು. ಮಕ್ಕಳ ಕೆಲಸ ತೋರಿಸುವ ಮೊದಲು ನಿಮ್ಮ ದಡಿಯನ್ನು ಪರದೆಯ ಮೇಲೆ ಹಾಕಿದೆ. ಇದು ಸರ್ ಹೇಳಿಕೊಟ್ಟದ್ದಲ್ಲ, ಇದು ಈರಪ್ಪನವರದು ಎಂದು ಶುರು ಮಾಡಿದೆ. ಅಮಾವಾಸ್ಯೆಯ ಬೆಳಿಗ್ಗೆ ಬಾಗಿಲಲ್ಲಿ ನೀವು ಹೇಳಿದ್ದನ್ನು ನಿಮ್ಮ ಮಾತಿನಲ್ಲೇ ಹೇಳಿದೆ. ಅವರು ಮಲಗಿರಲಿಲ್ಲ, ನಾನು ಮರೆತಿದ್ದೆ, ಸುಳ್ಳು ಹೇಳಿದೆ ಎಂದೆ. ನನ್ನ ಶಿಬಿರದ ಮಕ್ಕಳು ಬಾಯಿ ಬಿಟ್ಟು ನೋಡುತ್ತಿದ್ದರು. ಇನ್ನು ಮುಂದೆ ಅವರು ನನ್ನನ್ನು ಹೇಗೆ ಕಾಣುತ್ತಾರೋ, ಕಾಣಲಿ.

ಮೊದಲು ಎದ್ದವನು ಅಪ್ಪ. "ಅವತ್ತ ಅಮಾಸಿ. ನಾ ಮಗ್ಗಕ್ಕ ಪೂಜಿ ಮಾಡಿ ಕಟ್ಟಿ ಮ್ಯಾಲ ಕುಂತಿದ್ನಿ," ಎಂದ. "ಈರಪ್ಪ ನಿದ್ದಿ ಮಾಡಿದ ಅಂತ ಊರ ತುಂಬ ನಾನೂ ಅಂದೆ. ನನಗರ ಹೊಳೀಬಾರದೇನು?" ಅಧ್ಯಕ್ಷರು ಕೋಲು ಊರಿ ಎದ್ದು ಕಾಕಿಗೆ ಕೈಮುಗಿದು, "ತಪ್ಪಾತವಾ," ಎಂದರು. ನೀವು ಅಂದು ಅವರಿಗೆ ಅಂದದ್ದೂ ಅದನ್ನೇ. ಕಾಕಿ ಅವರ ಕಡೆ ನೋಡಲಿಲ್ಲ. "ನನಗ್ಯಾಕ, ಅವರಿಗೆ ಹೇಳ್ರಿ," ಎಂದಳು.

ಎಲ್ಲರೂ ಹೋದ ಮೇಲೆ ಕಾಕಿ ಹೊರಗೆ ಬಂದು, "ಎಲ್ಲಿ ಕುಂಡ್ರತಿದ್ರು?" ಎಂದು ಕೇಳಿದಳು. ಕಿಟಕಿಯ ಕೆಳಗಿನ ಮೆಟ್ಟಿಲು ತೋರಿಸಿದೆ. ಸೆರಗಿನಿಂದ ಧೂಳು ಒರೆಸಿ ಅಲ್ಲೇ ಕೂತಳು, ನಾನೂ ಕೂತೆ. ಉಂಡು ಅಡ್ಡಾಗುವ ಹೊತ್ತು. ಪಕ್ಕದ ಮನೆಗಳ ಮಗ್ಗಗಳು ಹೊಡೆಯುತ್ತಿದ್ದವು. ಹಾಗೆ ಕೂತಿದ್ದಾಗ ಆ ಗದ್ದಲದಲ್ಲಿ ಏನೋ ಒಂದು ಕಡಿಮೆಯಾಯಿತು, ಕಾಕಾ. ಖರೆ ಹೇಳುತ್ತೇನೆ, ನನಗೆ ಕೇಳಿಸಿತು. ರಬಕವಿ ಕಡೆಯದು ನಿಂತಿತ್ತು. "ಹೊಂಟತು," ಎಂದೆ, ನನ್ನಷ್ಟಕ್ಕೆ. ಬಂದ್ ಮಾಡಬೇಕಾದ್ದು ಒಳಗೆ ಏನೂ ಇರಲಿಲ್ಲ. ನಾಲ್ಕೈದು ನಿಮಿಷಕ್ಕೆ ನಮ್ಮ ಓಣಿಯೂ ಸುಮ್ಮನಾಯಿತು, ಆ ಅಮಾವಾಸ್ಯೆಯ ದಿನದಂತೆಯೇ.

ಕಾಕಿ ಮೆಟ್ಟಿಲ ಕಲ್ಲಿನ ಮೇಲೆ ಅಂಗೈ ಇಟ್ಟಳು. ಮಗುವಿನ ಬೆನ್ನು ತಟ್ಟುವಂತೆ ಎರಡು ಸಲ ಮೆಲ್ಲಗೆ ತಟ್ಟಿದಳು.

"ಇನ್ನ ಮಕ್ಕೋರಿ," ಎಂದಳು. "ನಾ ಏನೂ ಅನ್ನಂಗಿಲ್ಲ."

ಇದನ್ನು ನಿಮಗೆ ತಿಳಿಸಬೇಕಿತ್ತು.

ಸುವ್ವಿ